ಮೊದಲು ಉರಿ, ಆಮೇಲೆ ಊತ

ಇನ್‌ಫ್ಲಮೇಶನ್ ಅನ್ನೋದಕ್ಕೆ ಕನ್ನಡದಲ್ಲಿ ಉರಿಯೂತ ಅಂತ ಪದ ಇದೆ. ಒಡೆದು ನೋಡಿ: ಉರಿ, ಊತ. ಯಾರು ಕಟ್ಟಿದ ಪದವೋ ಏನೋ, ಕ್ರಮ ಮಾತ್ರ ಸರಿಯಾಗಿದೆ. ಮೊದಲು ಉರಿಯುತ್ತೆ, ಆಮೇಲೆ ಊದಿಕೊಳ್ಳುತ್ತೆ. ವಾಸಿ ಮಾಡುವವರೂ ಅದೇ ಕ್ರಮದಲ್ಲಿ ಹೋಗಬೇಕು ತಾನೆ? ಆದರೆ ನಮ್ಮ ಆಸ್ಪತ್ರೆಗಳ ಪ್ಯಾಕೇಜು, ನಮ್ಮ ಇನ್ಶೂರೆನ್ಸ್, ನಮ್ಮ ಕಂಪನಿಯ ಎಚ್‌ಆರ್, ಎಲ್ಲರೂ ಈ ಪದವನ್ನು ಹಿಂದಿನಿಂದ ಓದುತ್ತಿದ್ದಾರೆ. ಊತಕ್ಕೆ ಲಕ್ಷಗಟ್ಟಲೆ ದುಡ್ಡಿದೆ. ಉರಿಗೆ ಒಂದು ಪೈಸೆ ಇಲ್ಲ. ನನ್ನ ತಕರಾರು ಇಷ್ಟೇ. ಇದು ನನ್ನ ಮೈಗೆ ಸಂಬಂಧಿಸಿದ ತಕರಾರು, ಹಾಗಾಗಿ ದನಿ ಸ್ವಲ್ಪ ಏರಿದರೆ ಹೊಂದಿಕೊಳ್ಳಿ.

ನನಗೆ ಟಕಯಾಸು ಆರ್ಟರೈಟಿಸ್ ಇದೆ. ದೇಹದ ದೊಡ್ಡ ರಕ್ತನಾಳಗಳ, ಅಂದರೆ ಮಹಾಪಧಮನಿ ಮತ್ತು ಅದರ ಮುಖ್ಯ ಕವಲುಗಳ, ಗೋಡೆಯನ್ನು ನಮ್ಮದೇ ರೋಗನಿರೋಧಕ ವ್ಯವಸ್ಥೆ ಸುಡುವ ಕಾಯಿಲೆ. ಮಿಕಿತೊ ಟಕಯಾಸು ಅನ್ನುವ ಜಪಾನಿನ ಕಣ್ಣಿನ ಡಾಕ್ಟರು 1908ರಲ್ಲಿ ಒಬ್ಬ ಯುವತಿಯ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಗಳನ್ನು ವರದಿ ಮಾಡಿದರು, ಅವರ ಹೆಸರೇ ಉಳಿಯಿತು. ಹೆಚ್ಚಾಗಿ ಬರೋದು ನಲವತ್ತರ ಒಳಗಿನ ಹೆಣ್ಣುಮಕ್ಕಳಿಗೆ. ಅಂದರೆ ಬ್ರೂಕ್‌ಫೀಲ್ಡಿನಿಂದ ಐಟಿಪಿಎಲ್ ಕಡೆಗೆ ದಿನಾ ಬೆಳಿಗ್ಗೆ ಕ್ಯಾಬ್ ಹತ್ತುವ ವಯಸ್ಸಿನವರಿಗೆ. ಉರಿಯುವ ನಾಳ ಬಹಳ ಸಲ ದಪ್ಪವಾಗಿ, ಸಂಕುಚಿತವಾಗಿ, ಮುಚ್ಚಿಕೊಳ್ಳುತ್ತೆ. ಕೆಲವರಲ್ಲಿ ಗೋಡೆ ಸವೆದು ಬಲೂನಿನ ಹಾಗೆ ಉಬ್ಬುತ್ತೆ. ಆ ಉಬ್ಬೇ ಅನ್ಯೂರಿಸಮ್. ನನ್ನಲ್ಲಿ ಎರಡೂ ಇದ್ದವು: ಎಡಗೈಗೆ ಹೋಗುವ ನಾಳ ಮುಚ್ಚಿತ್ತು, ಹೊಟ್ಟೆಯ ಮಹಾಪಧಮನಿ ಉಬ್ಬಿತ್ತು.

ನಮ್ಮ ಕಂಪನಿ ವರ್ಷಕ್ಕೊಮ್ಮೆ 'ಎಕ್ಸಿಕ್ಯೂಟಿವ್ ಹೆಲ್ತ್ ಚೆಕಪ್' ಮಾಡಿಸುತ್ತೆ. ಕೊಲೆಸ್ಟರಾಲ್, ವಿಟಮಿನ್ ಡಿ, ಟ್ರೆಡ್‌ಮಿಲ್, ಡಯಟೀಶಿಯನ್ ಭಾಷಣ, ಕೊನೆಗೆ ಎರಡು ಇಡ್ಲಿ. ಮೂರು ವರ್ಷ ನನ್ನ ಬಿಪಿ 110/70 ಅಂತ ಬರೆದುಕೊಟ್ಟರು. ಅಚ್ಚುಕಟ್ಟಾದ ಹಸಿರು ಬಣ್ಣದ ಟಿಕ್. ಮೂರು ವರ್ಷವೂ ಪಟ್ಟಿ ಕಟ್ಟಿದ್ದು ಎಡಗೈಗೆ. ರಕ್ತವೇ ಸರಿಯಾಗಿ ಹೋಗದ ಕೈಯಲ್ಲಿ ಬಿಪಿ ಹೆಚ್ಚು ಬರೋದಾದರೂ ಹೇಗೆ? ಕುಂದಲಹಳ್ಳಿಯ ಒಳರಸ್ತೆಯಲ್ಲಿ ಒಂದು ಸಣ್ಣ ಕ್ಲಿನಿಕ್ ಇಟ್ಟಿರುವ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ತಲೆನೋವಿಗೆ ಅಂತ ಹೋದಾಗ, ಅವರು ಎರಡೂ ಮಣಿಕಟ್ಟನ್ನು ಒಟ್ಟಿಗೆ ಹಿಡಿದರು. ಆಮೇಲೆ ಬಲಗೈಯಲ್ಲಿ ಬಿಪಿ ನೋಡಿದರು. 170. ಅವರು ತೆಗೆದುಕೊಂಡ ಫೀಸು ನಮ್ಮ ಆಫೀಸಿನ ಕೆಳಗಿನ ಕೆಫೆಯ ಒಂದು ಕಾಫಿಗಿಂತ ಕಡಿಮೆ.

ಇಲ್ಲಿಂದ ಅಸಲಿ ಕಥೆ. ಸ್ಕ್ಯಾನ್ ಆಯಿತು, ಹೊಟ್ಟೆಯಲ್ಲಿ ಉಬ್ಬು ಕಂಡಿತು. ಹೆಸರು ಬೇಡ, ಒಂದು ದೊಡ್ಡ ಆಸ್ಪತ್ರೆ. ಸೋಮವಾರ ಸ್ಕ್ಯಾನ್, ಗುರುವಾರ ಸ್ಟೆಂಟ್ ಗ್ರಾಫ್ಟ್ ಅಂತ ನಿಗದಿಯಾಯಿತು. ಇನ್ಶೂರೆನ್ಸ್‌ನವರ ಪೂರ್ವಾನುಮತಿ ಒಂದೇ ಮಧ್ಯಾಹ್ನದಲ್ಲಿ ಬಂತು. ಲಕ್ಷಗಟ್ಟಲೆ ರೂಪಾಯಿಯ ಅನುಮತಿ, ಊಟ ಮುಗಿಸಿ ಬರುವಷ್ಟರಲ್ಲಿ. ಆದರೆ ಇಪ್ಪತ್ತೊಂಬತ್ತು ವರ್ಷದ, ಸಿಗರೇಟು ಮುಟ್ಟದ ಹುಡುಗಿಯ ಮಹಾಪಧಮನಿ ಯಾಕೆ ಉಬ್ಬಿತು ಅನ್ನುವ ಪ್ರಶ್ನೆಯನ್ನು ಆ ಮೂರು ದಿನದಲ್ಲಿ ಯಾರೂ ಕೇಳಲಿಲ್ಲ. ಇಎಸ್‌ಆರ್, ಸಿಆರ್‌ಪಿ ಅನ್ನುವ ಸಾಮಾನ್ಯ ರಕ್ತಪರೀಕ್ಷೆಗಳನ್ನೂ ಯಾರೂ ಬರೆಯಲಿಲ್ಲ. ನನ್ನ ಅಕ್ಕ ಹಟ ಹಿಡಿದು ಒಬ್ಬ ರುಮಟಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ಅವರು ಫಿಲ್ಮ್ ನೋಡಿ ಹೇಳಿದ್ದು ಒಂದೇ ಮಾತು: "ಗೋಡೆ ಇನ್ನೂ ಉರೀತಾ ಇದೆಯಮ್ಮಾ. ಇದಕ್ಕೆ ಈಗ ಕೈ ಹಾಕಬಾರದು."

ಯಾಕೆ ಅನ್ನೋದನ್ನು ಸೈಕಲ್ ಟ್ಯೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ವಯಸ್ಸಾದ ಗಂಡಸರಲ್ಲಿ, ಅದರಲ್ಲೂ ವರ್ಷಗಟ್ಟಲೆ ಸಿಗರೇಟು ಸೇದಿದವರಲ್ಲಿ ಬರುವ ಅನ್ಯೂರಿಸಮ್, ಸವೆದ ಟ್ಯೂಬು. ಒಂದು ಜಾಗ ಸವೆದಿದೆ, ಅಕ್ಕಪಕ್ಕದ ರಬ್ಬರು ಪರವಾಗಿಲ್ಲ. ಪ್ಯಾಚ್ ಹಾಕಿದರೆ ಹಿಡಿದುಕೊಳ್ಳುತ್ತೆ. ಉರಿಯೂತದ ಅನ್ಯೂರಿಸಮ್ ಹಾಗಲ್ಲ, ಅಲ್ಲಿ ರಬ್ಬರಿಗೇ ಆಸಿಡ್ ಬಿದ್ದಿದೆ. ಪ್ಯಾಚ್ ಎಲ್ಲಿ ಅಂಟಿಸುತ್ತೀರೋ ಆ ಅಂಚೂ ಕರಗುತ್ತಾ ಇರುತ್ತೆ. ಹೊಲಿಗೆ ಹಾಕಿದ ಜಾಗದಲ್ಲೇ ಹೊಸ ಉಬ್ಬು ಬರಬಹುದು, ಸ್ಟೆಂಟಿನ ತುದಿಯಲ್ಲಿ ನಾಳ ಮತ್ತೆ ಮುಚ್ಚಬಹುದು. ಇನ್ನೊಂದು ವಿಷಯ. ಹೊಟ್ಟೆಯ ಮಹಾಪಧಮನಿ 5.5 ಸೆಂಟಿಮೀಟರ್ ದಾಟಿದರೆ ಆಪರೇಷನ್ ಅನ್ನುವ ಪ್ರಸಿದ್ಧ ಲೆಕ್ಕ ಇದೆಯಲ್ಲ, ಅದಕ್ಕೆ ಆಧಾರವಾದ ಬ್ರಿಟಿಷ್ ಅಧ್ಯಯನದಲ್ಲಿ ಇದ್ದವರು 60ರಿಂದ 76 ವರ್ಷದವರು. ಆ ಟೇಪು ಹಿಡಿದು ನನ್ನ ನಾಳ ಅಳೆಯೋದು, ತಾತನ ಪ್ಯಾಂಟಿನ ಅಳತೆಗೆ ಮೊಮ್ಮಗಳ ಬಟ್ಟೆ ಹೊಲಿದ ಹಾಗೆ. ಉರಿಯೂತದ ಉಬ್ಬು ಎಷ್ಟು ದೊಡ್ಡದಿದೆ ಅನ್ನೋದರ ಜೊತೆಗೆ, ಎಷ್ಟು ಬೇಗ ಬೆಳೆಯುತ್ತಿದೆ, ಗೋಡೆ ಈಗ ಉರಿಯುತ್ತಿದೆಯಾ ಅನ್ನೋದೂ ಅಷ್ಟೇ ಮುಖ್ಯ.

ಇದು ನನ್ನ ಸ್ವಂತ ಸಿದ್ಧಾಂತ ಅಂದುಕೊಳ್ಳಬೇಡಿ. ಯುರೋಪಿನ ರುಮಟಾಲಜಿ ಸಂಘಟನೆ ಯೂಲಾರ್ 2018ರಲ್ಲಿ ದೊಡ್ಡ ನಾಳಗಳ ಉರಿಯೂತದ ಬಗ್ಗೆ ಕೊಟ್ಟ ಶಿಫಾರಸಿನಲ್ಲಿ ಸ್ಪಷ್ಟವಾಗಿದೆ: ತುರ್ತಲ್ಲದ ಆಪರೇಷನ್ನು, ಸ್ಟೆಂಟು ಎಲ್ಲವನ್ನೂ ಕಾಯಿಲೆ ಸ್ಥಿರವಾಗಿ ತಣ್ಣಗಾದ ಹಂತದಲ್ಲೇ ಮಾಡಬೇಕು. ಅಮೆರಿಕದ ರುಮಟಾಲಜಿ ಕಾಲೇಜು 2021ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಬೆಶೆಟ್ಸ್ ಅಂತ ಇನ್ನೊಂದು ಕಾಯಿಲೆ ಇದೆ. 1937ರಲ್ಲಿ ಹುಲುಸಿ ಬೆಶೆಟ್ ಅನ್ನುವ ಟರ್ಕಿಯ ಚರ್ಮವೈದ್ಯರು ವಿವರಿಸಿದ್ದು. ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಜನನಾಂಗದಲ್ಲಿ ಹುಣ್ಣು, ಕಣ್ಣಿನ ಉರಿಯೂತ. ಕೆಲವರಲ್ಲಿ ಶ್ವಾಸಕೋಶದ ಅಪಧಮನಿಯೇ ಉಬ್ಬಿ ಕೆಮ್ಮಿನಲ್ಲಿ ರಕ್ತ ಬರುತ್ತೆ. ಈ ಕಾಯಿಲೆಯ ಒಂದು ಪರೀಕ್ಷೆ ಗೊತ್ತಾ? ಚರ್ಮಕ್ಕೆ ಸೂಜಿ ಚುಚ್ಚಿ ಒಂದೆರಡು ದಿನ ಕಾಯೋದು. ಕೆಲವು ರೋಗಿಗಳಲ್ಲಿ ಚುಚ್ಚಿದ ಜಾಗದಲ್ಲಿ ಗುಳ್ಳೆ ಏಳುತ್ತೆ. ಒಂದು ಸೂಜಿಮೊನೆಗೇ ಹೀಗೆ ಸಿಡಿದೇಳುವ ದೇಹದಲ್ಲಿ, ಉರಿಯ ನಡುವೆ ಹೋಗಿ ಅಪಧಮನಿಗೆ ಹೊಲಿಗೆ ಹಾಕಿದರೆ ಏನಾಗಬಹುದು ಅಂತ ಯೋಚಿಸಿ. ಅದಕ್ಕೇ ಅಲ್ಲೂ ಮೊದಲು ಸ್ಟಿರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್, ಆಮೇಲೆ ಬೇಕಾದರೆ ಕತ್ತರಿ.

ಪಾಲಿಆರ್ಟರೈಟಿಸ್ ನೋಡೋಸಾ ಅಂತ ಮೂರನೆಯದು. ಕುಸ್‌ಮೌಲ್ ಮತ್ತು ಮಾಯರ್ ಅನ್ನುವ ಜರ್ಮನ್ ವೈದ್ಯರು 1866ರಲ್ಲೇ ಬರೆದಿಟ್ಟ ಕಾಯಿಲೆ. ಮೂತ್ರಪಿಂಡ, ಕರುಳುಗಳ ನಾಳದಲ್ಲಿ ಸಾಸಿವೆ ಕಾಳು ಪೋಣಿಸಿದ ಹಾಗೆ ಸಣ್ಣ ಸಣ್ಣ ಉಬ್ಬುಗಳು. ಅವನ್ನು ಒಂದೊಂದಾಗಿ ಹೊಲಿಯೋಕೆ ಯಾರಿಂದಲೂ ಆಗಲ್ಲ. ಆದರೆ ಔಷಧಿ ಸರಿಯಾಗಿ ಬಿದ್ದರೆ ಅವು ಕುಗ್ಗಿ ಮಾಯವಾಗಬಹುದು. ಕತ್ತರಿ ಮುಟ್ಟದೆ ಉಬ್ಬು ಹೋಗುತ್ತೆ ಅಂದರೆ, ಪ್ಯಾಕೇಜು ಮಾರುವವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೇನು?

ಮಕ್ಕಳಿರುವವರು ಇದನ್ನು ಗಮನವಿಟ್ಟು ಓದಿ. 1967ರಲ್ಲಿ ಟೊಮಿಸಾಕು ಕವಾಸಾಕಿ ಅನ್ನುವ ಜಪಾನಿನ ಮಕ್ಕಳ ಡಾಕ್ಟರು 50 ಮಕ್ಕಳ ವಿವರ ಪ್ರಕಟಿಸಿದರು. ಐದು ದಿನ ದಾಟಿದರೂ ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಸ್ಟ್ರಾಬೆರಿಯಂಥ ನಾಲಿಗೆ, ಮೈಮೇಲೆ ದದ್ದು, ಊದಿದ ಕೈಕಾಲು, ಕುತ್ತಿಗೆಯಲ್ಲಿ ಗಂಟು. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳನ್ನು ಇದು ಉಬ್ಬಿಸುತ್ತೆ ಅಂತ ತಿಳಿದದ್ದು ಆಮೇಲೆ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ ಸುಮಾರು 25 ಮಕ್ಕಳ ಕೊರೊನರಿಗೆ ತೊಂದರೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಡ್ರಿಪ್, ಮಗುವಿನ ತೂಕದ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಆ 25 ಅನ್ನೋದು 5ರ ಆಸುಪಾಸಿಗೆ ಇಳಿಯುತ್ತೆ. ಬಹುಪಾಲು ಅನ್ಯೂರಿಸಮ್‌ಗಳು ಹುಟ್ಟುವುದೇ ಇಲ್ಲ. ಸರ್ಜನ್ ಬೇಡ, ಸ್ಟೆಂಟ್ ಬೇಡ, ಕ್ಯಾಲೆಂಡರ್ ನೋಡುವ ಒಬ್ಬ ಡಾಕ್ಟರು ಬೇಕು. "ವೈರಲ್ ಇರ್ಬೇಕು, ಇನ್ನೊಂದು ಆಂಟಿಬಯಾಟಿಕ್ ನೋಡೋಣ" ಅಂತ ಎಂಟನೇ ದಿನವೂ ಹೇಳುವವರ ಹತ್ತಿರ "ಕವಾಸಾಕಿ ಅಲ್ಲ ತಾನೆ?" ಅಂತ ಬಾಯಿಬಿಟ್ಟು ಕೇಳಿ. ಬೈಸಿಕೊಂಡರೂ ಪರವಾಗಿಲ್ಲ.

ಸರಿ, ವಿಜ್ಞಾನ ಇಷ್ಟು ಸ್ಪಷ್ಟವಾಗಿದ್ದರೂ ನಡೆಯೋದು ಯಾಕೆ ಉಲ್ಟಾ? ಉತ್ತರ ಬಿಲ್ಲಿನಲ್ಲಿದೆ. ನನ್ನ ಕಂಪನಿಯ ಪಾಲಿಸಿ ತೆಗೆದು ಸಾಲು ಸಾಲು ಓದಿದ್ದೇನೆ. 24 ಗಂಟೆ ಮಲಗಿದರೆ ದುಡ್ಡು, ಎದ್ದು ನಡೆದರೆ ಇಲ್ಲ. ನಾಳ ತಣ್ಣಗಾಗಿದೆಯಾ ಅಂತ ತಿಳಿಯೋಕೆ ಬೇಕಾದ ಎಂಆರ್ ಆಂಜಿಯೊ ಹೊರರೋಗಿಯಾಗಿ ಮಾಡಿಸಿದರೆ ನಮ್ಮ ಜೇಬು. ಅದಕ್ಕೇ ಅಂತ ಅಡ್ಮಿಟ್ ಆದರೆ 'ಬರೀ ತಪಾಸಣೆಗಾಗಿ ದಾಖಲಾತಿ' ಅಂತ ತಿರಸ್ಕಾರ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಹೊರಗಿಡುವಿಕೆ ಪಟ್ಟಿಯಲ್ಲೇ ಅದು ಇದೆ. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಅನ್ನುವ ಮಾದರಿ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ 60 ದಿನದವರೆಗೆ ಖರ್ಚು ಸಿಗುತ್ತೆ. ನನ್ನ ಕಾಯಿಲೆ 60 ದಿನದ್ದಲ್ಲ ಸ್ವಾಮಿ, ಬಹುಶಃ ಜೀವನಪೂರ್ತಿಯದ್ದು. ಬಡವರ ಕಥೆ ಇನ್ನೂ ಬಿಗಿ. ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಕೊಡುತ್ತೆ, ಒಳ್ಳೆಯದು. ಆದರೆ ಆಸ್ಪತ್ರೆಯಿಂದ ಹೊರಬಂದ ಮೇಲಿನ ಔಷಧಿ 15 ದಿನಕ್ಕೆ ಮಾತ್ರ. ನಮ್ಮ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಹೆಂಗಸಿಗೆ ಇದೇ ಕಾಯಿಲೆ ಬಂದರೆ ಸರ್ಕಾರ ಆಪರೇಷನ್ ಮಾಡಿಸುತ್ತೆ, ಹದಿನಾರನೇ ದಿನದಿಂದ ಮಾತ್ರೆ ನೀನೇ ನೋಡಿಕೋ ಅನ್ನುತ್ತೆ. ಮಾತ್ರೆ ನಿಂತರೆ ಉರಿ ವಾಪಸ್ಸು, ಹೊಲಿಗೆ ಸಡಿಲ. ಸರ್ಕಾರ ಖರ್ಚು ಮಾಡಿದ ದುಡ್ಡೂ ಹೋಯಿತು, ಆಕೆಯೂ ಹೋದಳು.

ತಮಾಷೆ ಕೇಳಿ. 1948ರ ಇಎಸ್‌ಐ ಕಾನೂನಿನಲ್ಲೇ ಹೊರರೋಗಿ ಚಿಕಿತ್ಸೆಯೂ ಇತ್ತು, ಮಾತ್ರೆಯೂ ಇತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಪೀಣ್ಯದ ಕಾರ್ಮಿಕನಿಗೆ ಕಾಗದದ ಮೇಲಾದರೂ ಆ ಹಕ್ಕಿದೆ. ಕ್ಯೂ ಉದ್ದ ಇರಬಹುದು, ಔಷಧಿ ಮುಗಿದಿದೆ ಅನ್ನಬಹುದು, ಅದು ಬೇರೆ ಜಗಳ. ಆದರೆ ಕಾಯಿಲೆ ಅಂದರೆ ಮಲಗಿದಾಗ ಮಾತ್ರ ಇರುವಂಥದ್ದಲ್ಲ ಅನ್ನೋ ಸರಳ ಸತ್ಯ ಆ ಕಾನೂನು ಬರೆದವರಿಗೆ ಗೊತ್ತಿತ್ತು. ಗಾಜಿನ ಕಟ್ಟಡದಲ್ಲಿ ಕೂತು, 'ವೆಲ್‌ನೆಸ್ ವೀಕ್' ಆಚರಿಸಿ, ನಮಗೆಲ್ಲ ನೀಲಿ ಬಣ್ಣದ ನೀರಿನ ಬಾಟಲಿ ಹಂಚುವವರಿಗೆ ಗೊತ್ತಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ದೂರ ಹೋಗಬೇಕಿಲ್ಲ. ವರ್ತೂರು ಕೋಡಿಗೆ ಹೋಗಿ. ಕೆರೆಗೆ ಕೊಳಚೆ ಹರಿಯಿತು, ನೊರೆ ಎದ್ದಿತು, ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯಿತು. ಏನು ಮಾಡಿದರು? ನೊರೆ ದಾಟದ ಹಾಗೆ ಉದ್ದಕ್ಕೂ ತಂತಿ ಜಾಲರಿ ಕಟ್ಟಿದರು. ಅತ್ತ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಉರಿಯಿತು. ನೀರೇ ಬೆಂಕಿ ಹಿಡಿಯುವ ಊರಿನಲ್ಲಿ ನಾವು ಜಾಲರಿ ಕಟ್ಟಿಕೊಂಡು ಕೂತವರು. ಉರಿಯುವ ನಾಳದೊಳಗೆ ಅವಸರಕ್ಕೆ ಇಳಿಸುವ ಸ್ಟೆಂಟೂ ಒಂದು ಜಾಲರಿಯೇ.

ಈಗ ಎದುರುವಾದಗಳು. ಮೊದಲನೆಯದು: "ಕಾಯ್ತಾ ಕೂತರೆ ಒಡೆದುಹೋಗಲ್ವಾ?" ನ್ಯಾಯವಾದ ಪ್ರಶ್ನೆ. ಉಬ್ಬು ಸೋರುತ್ತಿದ್ದರೆ, ನಾಳದ ಗೋಡೆ ಸೀಳಿದ್ದರೆ, ಉಬ್ಬು ಕಣ್ಣೆದುರೇ ಬೆಳೆಯುತ್ತಿದ್ದರೆ, ಅಂಗಕ್ಕೆ ರಕ್ತವೇ ನಿಂತುಹೋಗಿದ್ದರೆ ಕಾಯುವ ಮಾತೇ ಇಲ್ಲ. ಹಠಾತ್ತಾಗಿ ಬೆನ್ನು, ಎದೆ, ಹೊಟ್ಟೆಯಲ್ಲಿ ಸೀಳಿದಂಥ ನೋವು ಬಂದರೆ ಗೂಗಲ್ ಮಾಡಬೇಡಿ, ಆಂಬುಲೆನ್ಸ್ ಕರೆಯಿರಿ. ಅಂಥ ಹೊತ್ತಿನಲ್ಲೂ ಸರ್ಜನ್ನು ಮತ್ತು ರುಮಟಾಲಜಿಸ್ಟು ಒಟ್ಟಿಗೆ ಇರಬೇಕು, ಯಾಕೆಂದರೆ ಆಪರೇಷನ್ನಿನ ಜೊತೆಗೇ ಉರಿಗೆ ಔಷಧಿ ಬೀಳಬೇಕು. ನನ್ನ ಜಗಳ ತುರ್ತಿನ ಜೊತೆ ಅಲ್ಲ. ಗುರುವಾರ ಥಿಯೇಟರ್ ಖಾಲಿ ಇದೆ ಅನ್ನುವುದನ್ನೇ ತುರ್ತು ಅಂತ ಕರೆಯುವುದರ ಜೊತೆ.

ಎರಡನೆಯದು: "ಸ್ಟಿರಾಯ್ಡಾ? ಬೇಡಪ್ಪಾ!" ಇದನ್ನು ನನ್ನ ಸ್ವಂತ ಚಿಕ್ಕಮ್ಮ ಹೇಳಿದರು, ಜಿಮ್ಮಿನ ಟ್ರೈನರ್ ಹೇಳಿದ, ವಾಟ್ಸಾಪ್ ಹೇಳಿತು. ಹೌದು, ಸ್ಟಿರಾಯ್ಡ್ ಸಾಧು ಪ್ರಾಣಿಯಲ್ಲ. ನನ್ನ ಮುಖ ಚಂದ್ರನ ಹಾಗೆ ಊದಿತು, ನಿದ್ದೆ ಹೋಯಿತು. ಸಕ್ಕರೆ ಏರಬಹುದು, ಮೂಳೆ ಸವೆಯಬಹುದು, ಸೋಂಕು ತಗಲಬಹುದು. ಅದಕ್ಕೇ ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್, ಮೈಕೊಫಿನೊಲೇಟ್ ಥರದ ಔಷಧಿ ಕೊಟ್ಟು ಸ್ಟಿರಾಯ್ಡನ್ನು ನಿಧಾನವಾಗಿ ಇಳಿಸುತ್ತಾರೆ. ಇವುಗಳಲ್ಲಿ ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಗರ್ಭಿಣಿಯರಿಗೆ ಆಗೋದಿಲ್ಲ. ಹಾಗಾಗಿ ಮಗು ಬೇಕು ಅನ್ನುವವರು ಮೊದಲೇ ಡಾಕ್ಟರ ಹತ್ತಿರ ಕೂತು ಯೋಜನೆ ಹಾಕಿಕೊಳ್ಳಬೇಕು. ಆದರೆ "ಆರಾಮಾಗಿದೀನಲ್ಲ" ಅಂತ ಒಂದು ದಿನ ಸ್ಟಿರಾಯ್ಡನ್ನು ತಟ್ಟನೆ ನಿಲ್ಲಿಸಿಬಿಡೋದಿದೆಯಲ್ಲ, ಅದು ಸ್ಟಿರಾಯ್ಡಿಗಿಂತ ಅಪಾಯ. ಇಎಸ್‌ಆರ್ ನಾರ್ಮಲ್ ಬಂದ ಮಾತ್ರಕ್ಕೂ ನಂಬುವಂತಿಲ್ಲ. ರಕ್ತಪರೀಕ್ಷೆ ಚೆನ್ನಾಗಿದ್ದಾಗಲೂ ಗೋಡೆ ಒಳಗೊಳಗೇ ಉರಿಯುತ್ತಿರಬಹುದು. ಸ್ಕ್ಯಾನ್ ಮತ್ತೆ ಮತ್ತೆ ಬೇಕಾಗೋದು ಇದಕ್ಕೇ, ಮತ್ತು ಆ ಸ್ಕ್ಯಾನಿಗೇ ಇನ್ಶೂರೆನ್ಸ್ ಇಲ್ಲ.

ಮೂರನೆಯದು: "ಅಪರೂಪದ ಕಾಯಿಲೆ, ಇದಕ್ಕೆಲ್ಲ ವ್ಯವಸ್ಥೆ ಮಾಡೋಕಾಗುತ್ತಾ?" ಬೆಂಗಳೂರಿನಲ್ಲಿ ಹೃದಯಕ್ಕೆ ಜಯದೇವ ಇದೆ, ನರಕ್ಕೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಕಣ್ಣಿಗೆ ಮಿಂಟೊ, ಮೂಳೆಗೆ ಸಂಜಯ್ ಗಾಂಧಿ, ಮಕ್ಕಳಿಗೆ ಇಂದಿರಾ ಗಾಂಧಿ. ನಮ್ಮ ಬ್ರೂಕ್‌ಫೀಲ್ಡಿನ ಪಕ್ಕದಲ್ಲೇ 2001ರಿಂದ ಸತ್ಯಸಾಯಿ ಆಸ್ಪತ್ರೆ ಹಣ ತೆಗೆದುಕೊಳ್ಳದೆ ಹೃದಯದ ಆಪರೇಷನ್ ಮಾಡುತ್ತಿದೆ, ಕೈಮುಗಿಯಬೇಕಾದ ಕೆಲಸ. ಆದರೆ ಲೂಪಸ್, ರುಮಟಾಯ್ಡ್, ಟಕಯಾಸು, ಬೆಶೆಟ್ಸ್ ಹೀಗೆ ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳಿಗೆ ಇದೇ ಥರ ಜನರ ಬಾಯಲ್ಲಿ ಬರುವ ಒಂದು ಸರ್ಕಾರಿ ಸಂಸ್ಥೆಯ ಹೆಸರು ಹೇಳಿ ನೋಡೋಣ. ನಾಲಿಗೆಗೆ ಏನೂ ಬರೋದಿಲ್ಲ. ಒಂದೊಂದಾಗಿ ಅಪರೂಪ, ಒಟ್ಟಾಗಿ ಅಲ್ಲ. ಹಾಗಾಗಿ ಕೆ.ಆರ್. ಪುರದಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಸಿಎಂಸಿಗೆ ಹೋಗುವವರು ಎಷ್ಟೋ ಜನ. ಭಾರತದಲ್ಲಿ ಈ ವಿದ್ಯೆ ಇಲ್ಲ ಅನ್ನುವ ಹಾಗೂ ಇಲ್ಲ. ಟಕಯಾಸು ಎಷ್ಟು ಉರಿಯುತ್ತಿದೆ ಅಂತ ಅಳೆಯುವ ಅಂಕಪಟ್ಟಿ ಇದೆ, ಐಟಾಸ್ 2010 ಅಂತ. ಮೊದಲ ಅಕ್ಷರ 'ಐ' ಅಂದರೆ ಇಂಡಿಯನ್. ನಮ್ಮ ದೇಶದ ರುಮಟಾಲಜಿಸ್ಟರೇ ಮುಂದೆ ನಿಂತು ರೂಪಿಸಿದ್ದು. ಉರಿ ಅಳೆಯುವ ಅಳತೆಗೋಲು ನಮ್ಮದು, ಉರಿ ಆರಿಸುವ ಬಜೆಟ್ ಮಾತ್ರ ನಮ್ಮಲ್ಲಿಲ್ಲ.

ಅಂದಹಾಗೆ, ನನಗೂ ಆಪರೇಷನ್ ಆಗಿದೆ. ಆ ಗುರುವಾರ ಅಲ್ಲ, ಹದಿನಾರು ತಿಂಗಳ ನಂತರ. ಪ್ರೆಡ್ನಿಸೊಲೋನ್, ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್, ಬಲಗೈಯಲ್ಲಿ ಅಳೆದು ಹಿಡಿತಕ್ಕೆ ತಂದ ಬಿಪಿ, ಮೂರು ಸ್ಕ್ಯಾನ್. ಉರಿ ಆರಿತ್ತು, ಆದರೆ ಮೊದಲೇ ಸವೆದಿದ್ದ ಗೋಡೆ ನಿಧಾನವಾಗಿ ಹಿಗ್ಗುತ್ತಾ ಹೋಯಿತು. ಆಗ ರುಮಟಾಲಜಿಸ್ಟೇ ಸರ್ಜನ್‌ಗೆ ಫೋನ್ ಮಾಡಿ "ಈಗ ಮಾಡಬಹುದು" ಅಂದರು. ಹೊಟ್ಟೆ ತೆರೆದು ಉಬ್ಬಿದ ಭಾಗಕ್ಕೆ ಕೃತಕ ನಾಳ ಜೋಡಿಸಿದರು. ಹೊಲಿಗೆ ಚೆನ್ನಾಗಿ ಹಿಡೀತು ಅಂತ ಸರ್ಜನ್ನೇ ಬಂದು ಹೇಳಿದರು. ಆಪರೇಷನ್ನಿನ ಬಿಲ್ಲು ಇನ್ಶೂರೆನ್ಸ್ ಕೊಟ್ಟಿತು. ಆ ಆಪರೇಷನ್ನು ಗೆಲ್ಲುವ ಹಾಗೆ ಮಾಡಿದ ಹದಿನಾರು ತಿಂಗಳ ಬಿಲ್ಲು ನಾನು ಕೊಟ್ಟೆ. ನನ್ನ ಸಂಬಳಕ್ಕೆ ಅದು ಸಾಧ್ಯವಾಯಿತು. ಆ ಸಂಬಳ ಇಲ್ಲದವಳು ಏನು ಮಾಡಬೇಕು?

ಹಾಗಾಗಿ ಕೆಲವು ಬೇಡಿಕೆ. ಎಚ್‌ಆರ್‌ನವರೇ, ಮುಂದಿನ ಸಲ ಪಾಲಿಸಿ ನವೀಕರಿಸುವಾಗ ಹೊರರೋಗಿ ಔಷಧಿ ಮತ್ತು ಸ್ಕ್ಯಾನಿನ ಕವರ್ ಕೇಳಿ. ನೀರಿನ ಬಾಟಲಿ ಒಂದು ವರ್ಷ ಬೇಡ. ಹೆಲ್ತ್ ಚೆಕಪ್ ನಡೆಸುವವರೇ, ಎರಡೂ ಕೈಗೆ ಬಿಪಿ ಪಟ್ಟಿ ಕಟ್ಟಿ. ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹಸಿರು ಟಿಕ್ ಹಾಕಬೇಡಿ. ನಾಳದ ಸರ್ಜನ್‌ಗಳೇ, ನಲವತ್ತರ ಒಳಗಿನವರ ನಾಳ ಉಬ್ಬಿದ್ದರೆ, ತುರ್ತಿಲ್ಲದ ಪಕ್ಷದಲ್ಲಿ, ರುಮಟಾಲಜಿಸ್ಟ್ ನೋಡುವ ತನಕ ಚಾಕು ಕೆಳಗಿಡಿ. ಸರ್ಕಾರದವರೇ, ಆಪರೇಷನ್ನಿಗೆ ಲಕ್ಷ ಕೊಡುವ ಕೈಯಿಂದಲೇ ಮಾತ್ರೆಗೂ ಕೊಡಿ, ಅಗ್ಗ ಬೀಳುತ್ತೆ.

ಇನ್ನು ನೀವು. ನಿಮ್ಮ ವಾಚು ಒಂದು ಕೈಯ ನಾಡಿಯನ್ನು ದಿನವಿಡೀ ಎಣಿಸುತ್ತಾ ಇರುತ್ತೆ. ಇನ್ನೊಂದು ಕೈಯನ್ನು ಯಾರೂ ಕೇಳಿಲ್ಲ. ಇವತ್ತು ಎರಡೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ. ಒಂದು ಕಡೆ ಸಿಗದಿದ್ದರೆ, ಅಥವಾ ಮೂವತ್ತಕ್ಕೇ ಬಿಪಿ ಬಂದಿದ್ದರೆ, "ಟೆನ್ಶನ್ ಇರ್ಬೇಕು" ಅಂದವರನ್ನು ಬಿಟ್ಟು, "ಯಾಕೆ?" ಅಂತ ಕೇಳುವ ಡಾಕ್ಟರನ್ನು ಹುಡುಕಿ.